ಹಾಡಿಲ್ಲದ ತಾಂಬೂಲ

ಪುನ್ನೈಕುಡಿ ಅಗ್ರಹಾರದಲ್ಲಿ ಧರ್ಮುವನ್ನು ಯಾರೂ ಬೈದದ್ದಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬಾಯಿ ಅವಳಿಗೂ ಇತ್ತು, ನಾಲ್ಕು ಮಾತು ತಿರುಗಿಸಿ ಕೊಟ್ಟು ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದಳು. ಅವರು ಮಾಡಿದ್ದು ಅದಕ್ಕಿಂತ ನಯವಾದ ಕೆಲಸ. ನವರಾತ್ರಿ ಬಂತೆಂದರೆ ಬೀದಿಯ ಮುತ್ತೈದೆಯರನ್ನೆಲ್ಲ ಕುಂಕುಮವಿಟ್ಟು ಕರೆಯುವಾಗ ಅವಳನ್ನೂ ಕರೆಯುತ್ತಿದ್ದರು. ಹೋದರೆ ಚಾಪೆ ಹಾಸಿ ಗೊಂಬೆಗಳ ಮೆಟ್ಟಿಲ ಮುಂದೆ ಕೂರಿಸುತ್ತಿದ್ದರು, ದೊನ್ನೆಯಲ್ಲಿ ಬಿಸಿ ಕಡಲೆಕಾಳಿನ ಸುಂಡಲ್ ಕೊಡುತ್ತಿದ್ದರು. ಎಡಕ್ಕೆ ಕೂತವಳಿಗೆ ಅಮ್ಮನ ಮೇಲೆ ಒಂದು ಹಾಡು ಹೇಳಿ ಎನ್ನುತ್ತಿದ್ದರು. ಬಲಕ್ಕೆ ಕೂತವಳ ಗಂಟಲು ಒಡಕು ಮಡಕೆಯಾದರೂ ಬಿಡದೆ ಹಾಡಿಸುತ್ತಿದ್ದರು. ಹಾಡಿಸದೆ ತಾಂಬೂಲ ಕೊಡುವುದೆಂದರೆ ಆ ಸೀಮೆಯಲ್ಲಿ ಎಲೆ ಹಾಕಿ ಅನ್ನ ಬಡಿಸದೆ ಎಬ್ಬಿಸಿದ ಹಾಗೆ. ಧರ್ಮುವಿನ ಸರದಿ ಬಂದಾಗ ಮಾತ್ರ ಮನೆಯವಳು ತಟ್ಟನೆ ಎದ್ದು ಒಳಗೆ ಹೋಗಿ ತಾಂಬೂಲದ ತಟ್ಟೆ ಹಿಡಿದು ಬರುತ್ತಿದ್ದಳು.

ನಲವತ್ತು ವರ್ಷ ಇದು ನಡೆಯಿತು. ಬೇರೆ ಹೆಂಗಸಾಗಿದ್ದರೆ ಎರಡನೆಯ ವರ್ಷಕ್ಕೇ ತಲೆನೋವೆಂದು ಮನೆಯಲ್ಲಿ ಮಲಗಿಬಿಡುತ್ತಿದ್ದಳು. ಧರ್ಮು ಒಂದು ಮನೆಯನ್ನೂ ಬಿಟ್ಟವಳಲ್ಲ. ಮದುವೆಯ ಅರಿಶಿನ ಬಣ್ಣದ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಬೆನ್ನು ನೆಟ್ಟಗೆ ಮಾಡಿ ಕೂತು, ತಾಂಬೂಲ ಬರುವವರೆಗೂ ಮನೆಯವಳ ಮುಖವನ್ನೇ ನೋಡುತ್ತಿದ್ದಳು. ನೋಡಿಸಿಕೊಂಡವರಿಗೆ ಕಸಿವಿಸಿ ಆಗುತ್ತಿತ್ತು. ಆಗಲಿ ಎಂದೇ ಅವಳು ಹೋಗುತ್ತಿದ್ದದ್ದು.

ಇದರ ಮೂಲ ಆಪತ್ಸಹಾಯ ಭಾಗವತರ ಮನೆಯಲ್ಲಿ ಇತ್ತು. ಭಾಗವತರ ತಾತ ಊರ ದೇವಿ ಒಪ್ಪಿಲಾನಾಯಕಿಯ ಮೇಲೆ ನವರಾತ್ರಿಯ ರಾತ್ರಿಗೊಂದರಂತೆ ಒಂಬತ್ತು ಹಾಡು ಕಟ್ಟಿದ್ದರು. ಮೊದಲನೆಯದು ಅಮ್ಮನ ಪಾದದ ಮೇಲೆ. ಅಲ್ಲಿಂದ ಒಂದೊಂದು ರಾತ್ರಿಗೂ ಒಂದೊಂದು ರಾಗದಲ್ಲಿ ಮೇಲೇರುತ್ತ, ಸೊಂಟದ ಒಡ್ಯಾಣ, ಅಭಯ ಕೊಡುವ ಕೈ, ತಾಳಿ ಕಟ್ಟಿದ ಕೊರಳು, ತಾಂಬೂಲದಿಂದ ಕೆಂಪಾದ ತುಟಿ ಎಂದು ಎಂಟು ಹಾಡಿಗೆ ಮೂಗುತಿಯವರೆಗೆ ಬರುತ್ತಿತ್ತು. ಒಂಬತ್ತನೆಯದು ಕಣ್ಣು. ಶಿಲ್ಪಿ ವಿಗ್ರಹಕ್ಕೆ ಕಣ್ಣು ತೆರೆಸುವುದು ಕಟ್ಟಕಡೆಗೆ ತಾನೆ, ಹಾಗೆ. ಆ ಒಂಬತ್ತನೆಯದು ವರಾಳಿ ರಾಗದಲ್ಲಿತ್ತು.

ವರಾಳಿಯನ್ನು ಗುರು ಶಿಷ್ಯರನ್ನು ಎದುರು ಕೂರಿಸಿಕೊಂಡು ಹೇಳಿಕೊಡಬಾರದು. ಹೇಳಿಕೊಟ್ಟರೆ ಒಂದೋ ಗುರು ಉಳಿಯುವುದಿಲ್ಲ, ಇಲ್ಲವೇ ಇಬ್ಬರ ನಂಟು ಉಳಿಯುವುದಿಲ್ಲ. ಕಾವೇರಿ ದಂಡೆಯಲ್ಲಿ ಸಂಗೀತ ಕಲಿತ ಮಗುವಿಗೂ ಇದು ಗೊತ್ತು. ಗುರು ತನ್ನ ಪಾಡಿಗೆ ಹಾಡಬೇಕು, ಶಿಷ್ಯ ಮರೆಯಲ್ಲಿ ನಿಂತು ಕಿವಿಯಿಂದ ಹಿಡಿದುಕೊಳ್ಳಬೇಕು. ಭಾಗವತರು ವರ್ಷಕ್ಕೊಮ್ಮೆ, ಒಂಬತ್ತನೆಯ ಸಂಜೆ, ಗರ್ಭಗುಡಿಗೆ ತೆರೆ ಎಳೆದ ಮೇಲೆ ಅಮ್ಮನ ಮುಂದೆ ನಿಂತು ಮೆಲ್ಲನೆ ಅದನ್ನು ಹಾಡುತ್ತಿದ್ದರು. ಹೊರಗೆ ನಾಗಸ್ವರ, ಡೋಲು, ಗಂಟೆ. ಯಾರಿಗೂ ಒಂದಕ್ಷರ ಕೇಳುತ್ತಿರಲಿಲ್ಲ. ಎಂಟು ಹಾಡು ಮುಗಿಸಿದ ಶಿಷ್ಯರಿಗೆ ಮಾತ್ರ ತೆರೆಯ ಪಕ್ಕ ನಿಲ್ಲುವ ಅಧಿಕಾರ.

ಧರ್ಮು ಹಪ್ಪಳ ಮಾಡಿ ಮಾರುವ ವಿಧವೆಯ ಮಗಳು. ಭಾಗವತರ ಮನೆಯ ಹೂ, ನೀರು ಎಲ್ಲ ಅವಳದೇ, ಬದಲಿಗೆ ಪಾಠ. ಎಂಟನೆಯ ಹಾಡು ಮುಗಿಯುವ ಹೊತ್ತಿಗೆ ಅವಳಿಗೆ ಹದಿನೇಳು. ಜೊತೆಗೆ ಕಲಿಯುತ್ತಿದ್ದವಳು ದೊಡ್ಡಮನೆಯ ಒಬ್ಬಳೇ ಮಗಳು ಕೋಕಿಲಾ. ಭಾಗವತರು ಕೂತಿದ್ದ ಮನೆ ಕೋಕಿಲಾಳ ಅಪ್ಪನದು, ತಿನ್ನುವ ಅಕ್ಕಿ ಅವರ ಗದ್ದೆಯದು. ಆ ವರ್ಷ ನವರಾತ್ರಿಗೆ ಮುಂಚೆ, ಆವಣಿ ತಿಂಗಳಲ್ಲಿ ಕೋಕಿಲಾಳ ಮದುವೆ ಗೊತ್ತಾಯಿತು, ಗಂಡು ಮನೆಅಳಿಯನಾಗಿ ಬರುವವನು. ಗಂಡಿನ ಕಡೆಯವರ ಮುಂದೆ ಒಂಬತ್ತೂ ಬರುತ್ತದೆ ಎನ್ನಿಸಿಕೊಳ್ಳಬೇಕೆಂದು ಅವಳಿಗೆ ಹಟ, ನವರಾತ್ರಿಯವರೆಗೆ ಕಾಯಲಾರಳು.

ಒಂದು ಶುಕ್ರವಾರ ಬೆಳಗ್ಗೆ ಭಾಗವತರು ಧರ್ಮುವಿನ ಮುಖ ನೋಡದೆ, ತೋಟಕ್ಕೆ ಹೋಗಿ ಕಣಗಿಲೆ ಹೂ ಕಿತ್ತು ತಾ ಎಂದರು. ಹೂ ಆಗಲೇ ಬುಟ್ಟಿಯ ತುಂಬ ಇತ್ತು. ಆದರೂ ಹೋದಳು. ತಿರುಗಿ ಬಂದಾಗ, ಯಾವತ್ತೂ ಹಾಕದ ನಡುಮನೆಯ ಬಾಗಿಲು ಹಾಕಿತ್ತು. ಒಳಗೆ ಗುರುವಿನ ದನಿ, ಅದರ ಹಿಂದೆಯೇ ಕೋಕಿಲಾಳ ದನಿ. ಧರ್ಮುವಿನ ಕಿವಿಗೆ ಸಿಕ್ಕಿದ್ದು ಕೊನೆಯ ಸಾಲು ಮಾತ್ರ: ಒಮ್ಮೆಯಾದರೂ ಇತ್ತ ನೋಡು ಎಂದು ಅಮ್ಮನನ್ನು ಬೇಡುವ ಸಾಲು. ಆಮೇಲೆ ಬಾಗಿಲು ತೆರೆಯಿತು. ಕೋಕಿಲಾ ಅವಳನ್ನು ನೋಡಿದಳು, ಅವಳೂ ಕೋಕಿಲಾಳನ್ನು ನೋಡಿದಳು.

ತಿಂಗಳು ತಿರುಗುವಷ್ಟರಲ್ಲಿ ಭಾಗವತರು ತೀರಿಕೊಂಡರು. ಅವರಿಗೆ ವಯಸ್ಸಾಗಿತ್ತು, ಎದೆಗೂಡು ಮೊದಲೇ ಕೆಟ್ಟಿತ್ತು. ಆದರೆ ಸಾವಿಗೆ ಕಾರಣ ಹುಡುಕದೆ ಬಿಡುವ ಊರು ಎಲ್ಲಿದೆ? ವರಾಳಿ ಎದುರು ಕೂರಿಸಿ ಹೇಳಿಕೊಟ್ಟರಂತೆ ಎಂದು ಯಾರೋ ಅಂದರು. ಯಾರಿಗೆ ಎಂದು ಕೇಳುವ ಮೊದಲೇ ಕೋಕಿಲಾ ಅಳುತ್ತ ಹೇಳಿಬಿಟ್ಟಳು: ಧರ್ಮುವಿಗೆ; ಬೇಡ ಬೇಡ ಅಂದರೂ ಪೀಡಿಸಿ ಬಾಗಿಲು ಹಾಕಿಸಿಕೊಂಡು ಕಲಿತಳು. ಧರ್ಮು ಇಲ್ಲವೆಂದಳು, ನಡೆದದ್ದು ಹೀಗೆಂದಳು. ಹಪ್ಪಳದವಳ ಮಗಳ ಮಾತು ಯಾರಿಗೆ ಬೇಕು? ಗುರುವನ್ನು ತಿಂದವಳೆಂಬ ಹೆಸರು ಬಂತು. ಕುದುರುತ್ತಿದ್ದ ಸಂಬಂಧ ಮುರಿಯಿತು. ಕೊನೆಗೆ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದ, ಮೊದಲ ಹೆಂಡತಿಯನ್ನು ಕಳೆದುಕೊಂಡ ಮಹಾಲಿಂಗಯ್ಯರ್ ಅವಳನ್ನು ಕಟ್ಟಿಕೊಂಡರು. ಅವರಿಗೆ ಹಾಡೂ ಒಂದೇ, ಗೂಡ್ಸ್ ಗಾಡಿಯ ಸದ್ದೂ ಒಂದೇ.

ಹಾವಿನ ಹಗೆ ಹನ್ನೆರಡು ವರ್ಷ ಅನ್ನುತ್ತಾರೆ. ಧರ್ಮುವಿನ ಹಗೆಗೆ ಅಷ್ಟು ಚಿಕ್ಕ ಆಯಸ್ಸು ಸಾಲಲಿಲ್ಲ. ಹೊತ್ತಾರೆ ಎದ್ದು ಉದ್ದಿನ ಹಿಟ್ಟನ್ನು ಎಣ್ಣೆ ಹಚ್ಚಿ ಒನಕೆಯಿಂದ ಕುಟ್ಟುವಾಗ ಎಂಟು ಹಾಡನ್ನೂ ಹಾಡುತ್ತಿದ್ದಳು, ಒಂದೊಂದು ಪೆಟ್ಟೂ ಯಾರ ಮೇಲೆ ಬೀಳುತ್ತಿತ್ತೆಂದು ಅವಳಿಗೆ ಗೊತ್ತಿತ್ತು. ಮೂಗುತಿಯವರೆಗೆ ಬಂದು ಹಾಡು ನಿಲ್ಲುತ್ತಿತ್ತು. ಅವಳ ಪಾಲಿನ ಅಮ್ಮನಿಗೆ ಕಣ್ಣೇ ಇರಲಿಲ್ಲ.

ಮಹಾಲಿಂಗಯ್ಯರ್ ಹಪ್ಪಳ ಒಣಹಾಕುತ್ತ ಅನ್ನುತ್ತಿದ್ದರು, "ಎಲ್ಲರ ಮನೇಲಿ ಮಾವಿನಕಾಯಿ ಉಪ್ಪಿನಕಾಯಿ ಹಾಕ್ತಾರೆ. ನೀನು ಸಿಟ್ಟನ್ನೇ ಹಾಕಿಟ್ಟಿದೀಯಲ್ಲೇ."

"ಕೆಡೋದಿಲ್ಲ ಬಿಡಿ, ಉಪ್ಪು ಸರಿಯಾಗಿ ಬಿದ್ದಿದೆ" ಎನ್ನುತ್ತಿದ್ದಳು ಧರ್ಮು.

ಆ ಭರಣಿಯ ಮುಚ್ಚಳ ತೆರೆಯುವ ದಿನ ತಾನಾಗಿ ಬಂತು. ಕೋಕಿಲಾಳ ಮಗ ವಿಷಮಶೀತ ಜ್ವರದಲ್ಲಿ ಸಾಯುವ ಸ್ಥಿತಿಗೆ ಹೋದ. ಕೋಕಿಲಾ ದೇವಸ್ಥಾನಕ್ಕೆ ಓಡಿ ಅರ್ಚಕರ ಎದುರಿಗೇ, ಮಗ ಬದುಕಿದರೆ ಬರುವ ನವರಾತ್ರಿಗೆ ಮೊಮ್ಮಗಳ ಬಾಯಲ್ಲಿ ರಾತ್ರಿಗೊಂದರಂತೆ ಒಂಬತ್ತು ಹಾಡನ್ನೂ ಮನೆಯ ಗೊಂಬೆ ಕೊಲುವಿನ ಮುಂದೆ ಹಾಡಿಸುತ್ತೇನೆಂದು ಹರಕೆ ಹೊತ್ತಳು. ಮಗ ಬದುಕಿದ. ಹರಕೆಯ ಸುದ್ದಿ ಅರ್ಚಕರ ಹೆಂಡತಿ ಚೆಲ್ಲಮ್ಮಾಳ ಬಾಯಿಗೆ ಬಿದ್ದು ಅಂದೇ ಸಂಜೆ ಬೀದಿಯ ಕೊನೆ ಮುಟ್ಟಿತ್ತು. ಒಪ್ಪಿಲಾನಾಯಕಿಗೆ ಕೊಟ್ಟ ಮಾತು ತಪ್ಪಿದವರ ಮನೆ ಉಳಿದದ್ದನ್ನು ಆ ಊರು ಕಂಡಿಲ್ಲ. ಕೋಕಿಲಾಳ ಗಂಟಲು ಹೋಗಿ ವರ್ಷಗಳಾಗಿದ್ದವು, ಬೇರೆ ಶಿಷ್ಯರು ಯಾರೂ ಉಳಿದಿರಲಿಲ್ಲ. ಎಂಟು ಹಾಡು ಇದ್ದದ್ದು ಒಂದೇ ಗಂಟಲಿನಲ್ಲಿ.

ಹೀಗೆ ಕೋಕಿಲಾ ಹದಿನಾಲ್ಕರ ಮೊಮ್ಮಗಳು ಭುವನಾಳ ಕೈಹಿಡಿದು ಧರ್ಮುವಿನ ಜಗಲಿ ಹತ್ತಿದಳು. ತಟ್ಟೆಯಲ್ಲಿ ಹಣ್ಣು, ಹೂ, ರೇಷ್ಮೆ ಸೀರೆ.

"ಹಳೇದೆಲ್ಲ ಯಾಕೆ ಬಿಡು ಧರ್ಮು. ವಯಸ್ಸಲ್ಲಿ ಎಲ್ಲರೂ ತಪ್ಪು ಮಾಡ್ತಾರೆ. ನಾವೂ ಮನಸ್ಸಲ್ಲಿ ಇಟ್ಕೊಂಡಿಲ್ಲ, ಕ್ಷಮಿಸಿದೀವಿ" ಎಂದಳು.

ಧರ್ಮು ಆ ಮುಖವನ್ನು ನೋಡಿದಳು. ಅಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಅದು ನಟನೆಯೂ ಅಲ್ಲ. ಸುಳ್ಳನ್ನು ಹೇಳಿ ಹೇಳಿ ಅವಳು ತಾನೇ ನಂಬಿಬಿಟ್ಟಿದ್ದಳು: ಗುರು ಧರ್ಮುವಿಗೆ ಕಲಿಸಿದ್ದರು, ಒಂಬತ್ತನೆಯದು ಧರ್ಮುವಿನ ಹತ್ತಿರ ಇದೆ. ಒಂಬತ್ತನೆಯದನ್ನು ಮಗುವಿನ ಎದುರು ಕೂತು ಹೇಳಬೇಡ, ಆ ದಿನ ಬೆಳಗ್ಗೆ ಅಡುಗೆಮನೆಯಲ್ಲಿ ನಿನ್ನ ಪಾಡಿಗೆ ಹಾಡಿಕೋ, ಅವಳು ಜಗಲಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಾಳೆ ಎಂದು ಕೋಕಿಲಾ ಗುಟ್ಟಾಗಿ ಏರ್ಪಾಡು ಬೇರೆ ಹೇಳಿದಳು. ಬೇಟೆ ತಾನಾಗಿ ಬಲೆಯ ಬಾಯಿಗೆ ಬಂದು, ಬಲೆಯನ್ನು ಎಲ್ಲಿ ಕಟ್ಟಬೇಕೆಂದೂ ಹೇಳುತ್ತಿದೆ.

"ಆಗಲಿ, ಕಳಿಸು" ಎಂದಳು. ಸೀರೆಯನ್ನು ಮಾತ್ರ ತಟ್ಟೆಯಲ್ಲೇ ಬಿಟ್ಟಳು.

ಹುಡುಗಿಯನ್ನು ದ್ವೇಷಿಸುವುದು ಸುಲಭವೆಂದುಕೊಂಡಿದ್ದಳು, ಅಜ್ಜಿಯ ಮೂಗೇ ಅವಳಿಗೂ ಇತ್ತಲ್ಲ. ಆದರೆ ಭುವನಾ ದ್ವೇಷಕ್ಕೆ ಒಗ್ಗುವ ಮಗುವಲ್ಲ. ಬರುವಾಗಲೇ ಒರಳಿನ ಹಸಿ ಹಪ್ಪಳದ ಹಿಟ್ಟನ್ನು ಚಿವುಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಮಹಾಲಿಂಗಯ್ಯರ್ ಜೊತೆ ಯಾವ ಗಾಡಿ ಎಷ್ಟು ಹೊತ್ತು ತಡ ಎಂದು ಪಂಥ ಕಟ್ಟುತ್ತಿದ್ದಳು. ಕಿವಿ ಮಾತ್ರ ಚಾಕುವಿನಂಥದು. ಕಾಂಭೋಜಿ ರಾಗದ ಒಂದು ಸಂಗತಿಯನ್ನು ಧರ್ಮು ಬೇಕೆಂದೇ ಒಮ್ಮೆ ಅವಸರದಲ್ಲಿ ಹಾಡಿದರೆ, ನಿನ್ನೆ ಇಲ್ಲಿ ನಿಂತು ಹೋಗಿದ್ರಲ್ಲ ಮಾಮಿ ಎಂದು ಹಿಡಿದಳು. ಪಾದದ ಹಾಡು ಕಲಿಯುವ ದಿನ ಧರ್ಮು, ಹಾಡುವಾಗ ಅಮ್ಮನ ಮುಖದ ಕಡೆ ನೆನಪೂ ಹೋಗಬಾರದು, ಒಂಬತ್ತನೆಯ ದಿನದವರೆಗೂ ಅದು ನಮಗಿಲ್ಲ ಎಂದು ಗುರು ಹೇಳಿದ ಮಾತನ್ನೇ ಹೇಳಿದಳು. ಹುಡುಗಿ ಅಂದಿನಿಂದ ದೇವಸ್ಥಾನದಲ್ಲಿ ತಲೆ ಬಗ್ಗಿಸಿಯೇ ನಿಲ್ಲತೊಡಗಿದಳು. ಆರನೆಯ ಹಾಡಿನ ಹೊತ್ತಿಗೆ ಧರ್ಮು ಅವಳ ಜಡೆ ಹೆಣೆದು ಕಳಿಸುತ್ತಿದ್ದಳು.

"ಒಂಬತ್ತೂ ಮುಗಿದ್ಮೇಲೂ ನಾನು ಬರ್ತೀನಿ ಮಾಮಿ. ಬೇಡ ಅಂದ್ರೂ ಬರ್ತೀನಿ" ಎಂದಳು ಒಂದು ದಿನ, ಜಡೆ ಹಾಕಿಸಿಕೊಳ್ಳುತ್ತ. ಧರ್ಮು ರಿಬ್ಬನ್ನನ್ನು ಬಿಗಿದು ಕಟ್ಟಿದಳು.

ನಿಜ ಹೇಳಬೇಕೆಂದರೆ, ಬಲೆ ಬಿಚ್ಚಿಬಿಡಲೇ ಎಂದು ಅವಳಿಗೆ ಅನ್ನಿಸಿದ್ದುಂಟು. ನವರಾತ್ರಿ ಶುರುವಾಗಿ, ರಾತ್ರಿ ರಾತ್ರಿಗೂ ಹುಡುಗಿ ದೊಡ್ಡಮನೆಯ ಕೊಲುವಿನ ಮುಂದೆ ಹಾಡುವಾಗ, ಬೀದಿಯ ಹೆಂಗಸರು ಬಾಯಿ ಮುಚ್ಚಿ ಕೇಳುವಾಗ, ಸತ್ತ ಗುರು ಮತ್ತೆ ಉಸಿರಾಡಿದಂತಾಗಿ ಧರ್ಮುವಿನ ಕಣ್ಣು ತುಂಬುತ್ತಿತ್ತು. ಎಂಟನೆಯ ರಾತ್ರಿ ಮೂಗುತಿಯ ಹಾಡು ಮುಗಿದಾಗ, ಕೋಕಿಲಾಳನ್ನು ಹಿತ್ತಲಿಗೆ ಕರೆದು ಇದ್ದದ್ದು ಹೇಳಿಬಿಡೋಣ, ಇಬ್ಬರೂ ಮುದುಕಿಯರು ಏನಾದರೂ ದಾರಿ ಮಾಡೋಣ ಎಂದುಕೊಂಡು ಎದ್ದಳು ಕೂಡ. ಅಷ್ಟರಲ್ಲಿ ಕೋಕಿಲಾ ಚೆಲ್ಲಮ್ಮಾಳಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು.

"ಧರ್ಮುಗೂ ಒಂದು ದಾರಿ ಆಯ್ತು ನೋಡಿ. ಗುರುದ್ರೋಹಕ್ಕೆ ನಮ್ಮನೇಲಿ ಪ್ರಾಯಶ್ಚಿತ್ತ ಮಾಡ್ಕೊಂಡ್ಳು."

ಹೇಳಿ, ತಿರುಗಿ, ಧರ್ಮುವಿನ ಕೈಗೆ ತಾಂಬೂಲ ಕೊಟ್ಟಳು. ಒಂದು ಹಾಡು ಹೇಳು ಎನ್ನಲಿಲ್ಲ. ಮೊಮ್ಮಗಳಿಗೆ ಎಂಟು ಹಾಡು ಕಲಿಸಿಕೊಟ್ಟವಳಿಗೂ ಅನ್ನಲಿಲ್ಲ. ಧರ್ಮು ವೀಳ್ಯದೆಲೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದಳು. ಮತ್ತೆ ಅವಳ ಮನಸ್ಸು ಆ ಕಡೆ ವಾಲಲಿಲ್ಲ.

ಒಂಬತ್ತನೆಯ ದಿನ ಭುವನಾ ಬೆಳಕು ಹರಿಯುವ ಮೊದಲೇ ತಲೆಗೆ ನೀರು ಹಾಕಿಕೊಂಡು, ಉಪವಾಸದಲ್ಲಿ, ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಳು. ಬೀದಿಗೂ ವಿಷಯ ಗೊತ್ತಿತ್ತು. ಎದುರು ಜಗಲಿಯಲ್ಲಿ ಚೆಲ್ಲಮ್ಮಾಳ್ ಹೂ ಕಟ್ಟುವ ನೆವದಲ್ಲಿ ಕೂತಿದ್ದಳು. ಪಕ್ಕದ ಮನೆಯವರು ಬಾವಿಯ ರಾಟೆ ಕಿರುಗುಟ್ಟುತ್ತದೆಂದು ನೀರು ಸೇದುವುದನ್ನೇ ನಿಲ್ಲಿಸಿದ್ದರು. ಒಳಗೆ ಧರ್ಮು ಹಿಟ್ಟು ಕುಟ್ಟಿದಳು, ಉಂಡೆ ಮಾಡಿದಳು, ಲಟ್ಟಿಸಿದಳು. ನಲವತ್ತು ವರ್ಷದಲ್ಲಿ ಮೊದಲ ಸಲ ಬಾಯಿ ಬಿಡದೆ ಕುಟ್ಟಿದಳು. ಬಿಸಿಲು ಜಗಲಿಗೆ ಏರಿತು. ಹುಡುಗಿ ಜಾಗ ಬಿಟ್ಟು ಕದಲಲಿಲ್ಲ, ಕದಲಿದರೆ ಒಂದು ಸ್ವರ ತಪ್ಪಿಹೋದೀತೆಂಬ ಭಯ. ಮಹಾಲಿಂಗಯ್ಯರ್ ಎರಡು ಸಲ ಒಳಗೆ ಬಂದು ಹೆಂಡತಿಯ ಮುಖ ನೋಡಿ ಹೊರಗೆ ಹೋದರು.

ಮಧ್ಯಾಹ್ನ ಭುವನಾ ಹೊಸಿಲ ಹತ್ತಿರ ಬಂದಳು. ತುಟಿ ಒಣಗಿತ್ತು. "ಮಾಮಿ, ಹಾಡಲ್ವಾ?"

ಧರ್ಮು ಲಟ್ಟಣಿಗೆ ಇಟ್ಟು ಎದ್ದಳು. ಎದುರು ಜಗಲಿಗೆ ಕೇಳುವಷ್ಟು ದೊಡ್ಡ ದನಿಯಲ್ಲಿ ಹೇಳಿದಳು. "ನಂಗೆ ಬರಲ್ಲಮ್ಮ. ಗುರುಗಳು ನಂಗೆ ಯಾವತ್ತೂ ಹೇಳಿಕೊಡಲಿಲ್ಲ. ಅದು ಬರೋರು ಈ ಊರಲ್ಲಿ ಒಬ್ಬರೇ, ನಿಮ್ಮನೇಲೇ ಇದಾರೆ. ನಿಮ್ಮಜ್ಜೀನ ಕೇಳು."

ಚೆಲ್ಲಮ್ಮಾಳ ಕೈಯ ಹೂಮಾಲೆ ಅಲ್ಲಿಗೇ ನಿಂತಿತು. ಭುವನಾ ತಕ್ಷಣ ಓಡಲಿಲ್ಲ. ತನಗೆ ಕಲಿಸಿದವಳ ಮುಖವನ್ನು ಒಂದು ಗಳಿಗೆ ನೋಡಿದಳು.

"ಬೆಳಗ್ಗೇನೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಮೊದಲ ದಿನಾನೂ?"

ಧರ್ಮು ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. ಹುಡುಗಿ ಮೆಟ್ಟಿಲಿಳಿದು ಹೋದಳು. ಆ ನೋಟ ಧರ್ಮುವಿಗೆ ಚುಚ್ಚಲಿಲ್ಲವೇ? ಚುಚ್ಚಿತು. ಆದರೆ ಹೊಟ್ಟೆಯ ಉರಿ ಎಷ್ಟಿತ್ತೆಂದರೆ ಅದರ ಮುಂದೆ ಈ ಮುಳ್ಳು ಎಷ್ಟರದು, ಆಮೇಲೆ ಕಿತ್ತುಕೊಂಡರಾಯಿತು ಎಂದುಕೊಂಡಳು.

ಸ್ವಲ್ಪ ಹೊತ್ತಿಗೆ ಕೋಕಿಲಾ ಹಿತ್ತಲ ಬಾಗಿಲಿನಿಂದ ಬಂದಳು. ಆ ಮನೆಯ ಹೆಂಗಸರು ಹಿತ್ತಲ ಬಾಗಿಲು ತುಳಿದವರಲ್ಲ. ಚಪ್ಪಲಿಗೆ ಸಗಣಿ ಮೆತ್ತಿತ್ತು.

"ಆಟ ಆಡ್ಬೇಡ ಧರ್ಮು. ಮಗು ಬೆಳಗ್ಗಿಂದ ನೀರೂ ಕುಡಿದಿಲ್ಲ."

"ನಿನ್ನ ಮೊಮ್ಮಗಳು, ನಿನ್ನ ಹರಕೆ. ನಂದೇನಿದೆ ಇದರಲ್ಲಿ ಆಡೋಕೆ?"

"ಭಾಗವತರ ಮನೇಲೇ ಬಿದ್ದಿರ್ತಿದ್ದೆ ನೀನು. ಒಂದು ಸಲನಾದ್ರೂ ಕಿವಿಗೆ ಬಿದ್ದಿರಲ್ವಾ?"

"ಬಿದ್ದಿತ್ತು, ಕೊನೇ ಸಾಲು. ನೀವು ಬಾಗಿಲು ಹಾಕ್ಕೊಂಡಿದ್ರಲ್ಲ, ಸಂದೀಲಿ ಅಷ್ಟೇ ಹೊರಗೆ ಬಂದಿದ್ದು."

ಕೋಕಿಲಾ ಕಂಬ ಹಿಡಿದುಕೊಂಡಳು. ತಾನು ಕಟ್ಟಿದ ಕಥೆಯಿಂದ ಅವಳು ಎಚ್ಚರಗೊಂಡದ್ದು ಆ ಗಳಿಗೆಯಲ್ಲಿ. ಮುಖದ ಬಣ್ಣವೇ ಇಳಿದುಹೋಯಿತು. ಧರ್ಮು ಅದನ್ನು ಹಬ್ಬದ ಪಾಯಸದ ಹಾಗೆ ಸವಿದು ನೋಡಿದಳು.

"ಏನು ಬೇಕು ನಿಂಗೆ? ಹೇಳು."

"ಸಂಜೆ ಎಲ್ಲರ ಮುಂದೆ ಹಾಡು. ಮಗು ಕೇಳಿಸ್ಕೊಳ್ಳಲಿ, ಹಾಡಲಿ. ಹರಕೆ ತೀರತ್ತೆ."

"ಇಲ್ಲೇ ಮೆಲ್ಲಗೆ ಹಾಡ್ತೀನಿ. ನಿನ್ನಿಂದ ಕೇಳಿಸ್ಕೊಂಡ್ಳು ಅಂತ ಅನ್ನೋಣ. ನಿಂಗೂ ಹೆಸರು ಬರತ್ತೆ."

"ಬಾಗಿಲು ಹಾಕ್ಕೊಂಡು ಹಾಡೋದು ನಿಂಗೆ ಅಭ್ಯಾಸ ಆಗಿಹೋಗಿದೆ. ಹೋಗು, ನಿನ್ನ ಮನೇಲೇ ಎದುರು ಕೂರಿಸ್ಕೊಂಡು ಹೇಳಿಕೊಡು ಧೈರ್ಯ ಇದ್ರೆ. ಸಂಜೆ ಮಗು ಬಾಯಿ ತೆಗೆದ ಕೂಡ್ಲೇ ಎಲ್ಲಿಂದ ಬಂತು ಅಂತ ಬೀದಿಗೆ ಗೊತ್ತಾಗತ್ತೆ. ಇವತ್ತು ನನ್ನ ಮನೆಯಿಂದ ಒಂದು ಸ್ವರ ಹೊರಗೆ ಬಂದಿಲ್ಲ ಅನ್ನೋದಕ್ಕೆ ಚೆಲ್ಲಮ್ಮಾಳ್ ಸಾಕ್ಷಿ."

ಕೋಕಿಲಾ ಕಂಬ ಬಿಟ್ಟಳು. ಬಂದ ದಾರಿಯಲ್ಲೇ ಹೋದಳು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದು ಧರ್ಮು ಅವಳ ಬೆನ್ನಿಗೆ ಹೇಳಿದಳು, ಗಟ್ಟಿಯಾಗಿಯೇ.

ದೀಪ ಹಚ್ಚುವ ಹೊತ್ತಿಗೆ ದೊಡ್ಡಮನೆಯ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾರದ ಹೆಂಗಸರೂ ಬಂದಿದ್ದರು. ಧರ್ಮು ಅರಿಶಿನ ಬಣ್ಣದ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಳು. ಗೊಂಬೆಗಳ ಮೇಲಿನ ಮೆಟ್ಟಿಲಲ್ಲಿ ಅಮ್ಮನ ಮುಖ ಕಟ್ಟಿದ ಕಲಶ, ಅದರ ಮುಂದೆ ತುಪ್ಪದ ದೀಪ. ಸಹಸ್ರನಾಮ ಮುಗಿಯಿತು, ಕುಂಕುಮಾರ್ಚನೆ ಮುಗಿಯಿತು. ಭುವನಾ ಹಾಡುವ ಜಾಗದಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಆಗ ಕೋಕಿಲಾ ಎದ್ದು ಕಲಶದ ಮುಂದೆ ನಿಂತು, ಹೆಂಗಸರ ಕಡೆ ಬೆನ್ನು ಮಾಡಿ, ಒಡೆದ ದನಿಯಲ್ಲೇ ಹಾಡತೊಡಗಿದಳು.

ಆ ಕ್ಷಣಕ್ಕಾಗಿ ಧರ್ಮು ನಲವತ್ತು ವರ್ಷ ಕಾದಿದ್ದಳು, ಒಂದು ಚೂರನ್ನೂ ಬಿಡಲು ಅವಳು ಸಿದ್ಧಳಿರಲಿಲ್ಲ. ಮುಖ ಮುಖ ಹುಡುಕಿ ನೋಡಿದಳು. ಚೆಲ್ಲಮ್ಮಾಳ ಬಾಯಿ ತೆರೆದಿತ್ತು. ಮೊದಲ ವರ್ಷ ತನಗೆ ತಟ್ಟೆ ತಂದುಕೊಟ್ಟ ಮೂಲೆಮನೆಯ ಮುದುಕಿ ಪಕ್ಕದವಳ ತೋಳು ಹಿಂಡುತ್ತಿದ್ದಳು. ಒಬ್ಬಳು ಕೋಕಿಲಾಳ ಬೆನ್ನನ್ನೇ ನೋಡುತ್ತಿದ್ದಳು, ಇನ್ನೊಬ್ಬಳು ಧರ್ಮುವನ್ನು ನೋಡಿ ತಲೆ ತಗ್ಗಿಸಿದಳು. ಕೋಕಿಲಾಳ ಬೆನ್ನ ಮೇಲೆ ಬೆವರು ರವಿಕೆಯನ್ನು ಒದ್ದೆ ಮಾಡಿದ್ದನ್ನೂ ಧರ್ಮು ನೋಡಿದಳು. ಹಾಡು ಮುಗಿಯಿತು. ಅದರ ಹಿಂದೆಯೇ ಭುವನಾ, ತಲೆ ಎತ್ತಿ, ಅಮ್ಮನ ಮುಖವನ್ನು ಮೊದಲ ಸಲ ನೇರ ನೋಡುತ್ತ, ಅದನ್ನೇ ಮೊದಲಿಂದ ಹಾಡಿದಳು. ಆಗಲೂ ಧರ್ಮು ನೋಡುತ್ತಲೇ ಇದ್ದಳು. ಹೆಂಗಸರು ಒಬ್ಬರ ಕಿವಿಯಲ್ಲೊಬ್ಬರು ಏನೇನು ಹೇಳುತ್ತಿದ್ದಾರೆಂದು ತುಟಿಯಿಂದಲೇ ಓದುತ್ತಿದ್ದಳು.

ಎಲ್ಲ ಮುಗಿದ ಮೇಲೆ ಚೆಲ್ಲಮ್ಮಾಳೇ ಕೇಳಿದಳು. "ಹಾಗಾದ್ರೆ ಭಾಗವತರು ಹೇಳಿಕೊಟ್ಟಿದ್ದು ಯಾರಿಗೆ ಕೋಕಿಲಾ?"

"ನಂಗೇ" ಎಂದಳು ಕೋಕಿಲಾ. ತಿರುಗಿ ಧರ್ಮುವಿನ ಮುಂದೆ ಬಂದು ನಿಂತಳು. "ಧರ್ಮು, ನೀನು ಒಂದು ಹಾಡು ಹೇಳು."

ಧರ್ಮು ನಿಧಾನವಾಗಿ ಎದ್ದು ಸೆರಗು ಸರಿಮಾಡಿಕೊಂಡಳು.

"ಹೊತ್ತಾಯ್ತು. ತಾಂಬೂಲ ಕೊಡು, ಹೊರಡ್ತೀನಿ" ಎಂದಳು.

ಕೋಕಿಲಾ ತಟ್ಟೆ ಚಾಚಿದಳು. ಅಡಿಕೆ ಕೆಳಗೆ ಬಿತ್ತು. ಧರ್ಮು ಬಗ್ಗಿ ಎತ್ತಿಕೊಳ್ಳಲಿಲ್ಲ. ಬೀದಿಯುದ್ದಕ್ಕೂ ಅವಳು ನಡೆದ ನಡೆಯನ್ನು ನೋಡಿದವರು, ಹರೆಯದಲ್ಲೂ ಅವಳು ಹಾಗೆ ನಡೆದಿರಲಿಲ್ಲ ಎಂದರು.

ಮಹಾಲಿಂಗಯ್ಯರ್ ಊಟಕ್ಕೆ ಕಾಯುತ್ತಿದ್ದರು. ಅವಳು ಎಲ್ಲವನ್ನೂ ಹೇಳಿದಳು, ಬೆವರಿದ ರವಿಕೆ, ಬಿದ್ದ ಅಡಿಕೆ ಒಂದನ್ನೂ ಬಿಡದೆ, ಎರಡೆರಡು ಸಲ. ಅವರು ಮಜ್ಜಿಗೆ ಅನ್ನ ಕಲಸುತ್ತ ಕೇಳಿದರು.

"ಅದ್ಸರಿ. ಹಾಡು ಹೇಗಿತ್ತು?"

ಧರ್ಮು ಹೇಳಲು ಬಾಯಿ ತೆರೆದಳು. ಏನೂ ಬರಲಿಲ್ಲ. ಪಲ್ಲವಿಯನ್ನು ಹುಡುಕಿದಳು. ಚೆಲ್ಲಮ್ಮಾಳ ಬಾಯಿ ಕಂಡಿತು. ಚರಣವನ್ನು ಹುಡುಕಿದಳು. ಮೂಲೆಮನೆಯ ಮುದುಕಿಯ ಕೈ ಕಂಡಿತು. ಎರಡು ಸಲ, ಒಂದರ ಹಿಂದೊಂದು, ತನ್ನಿಂದ ಕೈಯಳತೆಯ ದೂರದಲ್ಲಿ ಆ ಹಾಡನ್ನು ಹಾಡಿದ್ದರು. ಅವಳ ಹತ್ತಿರ ಈಗಲೂ ಇದ್ದದ್ದು ಹಾಕಿದ ಬಾಗಿಲ ಸಂದಿಯಲ್ಲಿ ಸಿಕ್ಕ ಆ ಒಂದೇ ಸಾಲು.

"ನಾನು ಕೇಳಲಿಲ್ಲ ರೀ" ಎಂದಳು.

ಅವರು ಕೈಯ ತುತ್ತನ್ನು ಅರ್ಧಕ್ಕೆ ನಿಲ್ಲಿಸಿದರು. "ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ್ಯಲ್ಲೇ" ಎಂದರು. ಆ ಮಾತಿನಲ್ಲಿ ತಮಾಷೆ ಇರಲಿಲ್ಲ.

ಮರುದಿನ ವಿಜಯದಶಮಿ, ಹೊಸ ಪಾಠ ಹಿಡಿಯುವ ದಿನ. ಬೀದಿಯ ತಾಯಂದಿರು ಹೆಣ್ಣುಮಕ್ಕಳ ತಲೆಗೆ ಹೂ ಮುಡಿಸಿ, ಹಣ್ಣಿನ ತಟ್ಟೆ ಹಿಡಿದು, ಧರ್ಮುವಿನ ಜಗಲಿಯ ಮೇಲೆ ಸಾಲಾಗಿ ನಿಂತರು. ಚೆಲ್ಲಮ್ಮಾಳ್ ಎಲ್ಲರಿಗಿಂತ ಮುಂದೆ. ನಿನ್ನೆ ಕೊನೆಯದನ್ನೂ ಕೇಳಿದ್ದೀರಲ್ಲ, ಇನ್ನು ಒಂಬತ್ತನ್ನೂ ನೀವೇ ಹೇಳಿಕೊಡಬೇಕು ಮಾಮಿ ಎಂದು ಮಗಳನ್ನು ಕಾಲಿಗೆ ಬೀಳಿಸಿದಳು. ಬೇಕಾದದ್ದೆಲ್ಲ ಬಂದಿತ್ತು, ಮಾನ, ಮರ್ಯಾದೆ, ಮಾಮಿ ಎಂಬ ಬಾಯಿ. ಧರ್ಮು ಮಕ್ಕಳ ತಲೆಗಳ ಮೇಲಿಂದ ಬೀದಿಯನ್ನೇ ನೋಡುತ್ತಿದ್ದಳು. ಬೇಡ ಅಂದರೂ ಬರುತ್ತೇನೆಂದವಳು ಬರಲಿಲ್ಲ. ವರಾಳಿಯನ್ನು ಧರ್ಮು ಯಾರಿಗೂ ಕಲಿಸಿರಲಿಲ್ಲ. ನಂಟು ಮಾತ್ರ, ಕಲಿಸಿದ್ದರೆ ಹರಿಯುವಂತೆಯೇ, ಹರಿದಿತ್ತು.

ಮಧ್ಯಾಹ್ನ ಜನ ಕರಗಿದ ಮೇಲೆ ಅವಳು ದೊಡ್ಡಮನೆಯ ಹಿಂದಿನ ಓಣಿಗೆ ಹೋದಳು. ಹೋಗಬಾರದೆಂದು ಕಾಲಿಗೆ ಹೇಳಿಯೇ ಹೋದಳು. ಹಿತ್ತಲ ಗೋಡೆಯ ಆಚೆ ಭುವನಾ ಹಾಡಿಕೊಳ್ಳುತ್ತಿದ್ದಳು, ಅದೇ ಹಾಡು. ಧರ್ಮು ಗೋಡೆಗೆ ಬೆನ್ನು ಕೊಟ್ಟು, ಹದಿನೇಳರಲ್ಲಿ ತೆರೆಯ ಪಕ್ಕ ನಿಲ್ಲಬೇಕಿದ್ದ ಹಾಗೆ, ಕಣ್ಣು ಮುಚ್ಚಿ ನಿಂತಳು. ಪಲ್ಲವಿಯ ಮೊದಲ ತಿರುವು ಬಂತು, ಗುರು ಎಂಟು ಹಾಡಿನಲ್ಲೂ ತಡೆದು ಬಿಡುತ್ತಿದ್ದ ಅದೇ ಉಸಿರು. ಒಳಗೆ ಯಾರೋ ಕೆಲಸದವಳು, ಓಣೀಲಿ ಹಪ್ಪಳದ ಮಾಮಿ ನಿಂತಿದಾರೆ ಎಂದಳು. ಹಾಡು ನಡುವೆಯೇ ನಿಂತಿತು.

ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲು ತೆರೆಯಿತು. ಭುವನಾ ತಟ್ಟೆ ಹಿಡಿದು ನಿಂತಿದ್ದಳು. ತಲೆಯನ್ನು ತಾನೇ ಬಾಚಿಕೊಂಡಿದ್ದಳು, ಜಡೆ ಓರೆಯಾಗಿತ್ತು.

"ಭುವನಾ" ಎಂದಳು ಧರ್ಮು. "ಪೂರ್ತಿ ಹಾಡಮ್ಮ. ನಾನು ಇಲ್ಲೇ ನಿಂತು ಕೇಳ್ತೀನಿ."

ಹುಡುಗಿ ಕುಂಕುಮದ ಬಟ್ಟಲನ್ನು ಮುಂದೆ ಹಿಡಿದಳು. ಧರ್ಮು ಇಟ್ಟುಕೊಂಡಳು. ಎರಡು ವೀಳ್ಯದೆಲೆ, ಅಡಿಕೆ, ಒಂದು ಬಾಳೆಹಣ್ಣು ಅವಳ ಕೈಗೆ ಬಂತು.

"ಬಾಗಿಲಿಗೆ ಬಂದ ಮುತ್ತೈದೆನ ಬರಿಗೈಲಿ ಕಳಿಸಬಾರದಂತೆ" ಎಂದಳು ಭುವನಾ.

ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಧರ್ಮು ಸಂಜೆಯವರೆಗೂ ಆ ಗೋಡೆಯ ಹತ್ತಿರ ನಿಂತಿದ್ದಳು. ಒಳಗೆ ಯಾರೂ ಹಾಡಲಿಲ್ಲ.